ಲೆಕ್ಕದಂತೆ ನಡೆಯುವ ಉಳಿ

ಮೂರು ವರ್ಷಗಳ ಹಿಂದೆ ನಮ್ಮ ಅಟ್ಟವನ್ನು ಶುಚಿಮಾಡಿಸುತ್ತಿದ್ದಾಗ ಅಜ್ಜಿಯ ಕಾಲದ ಚೆನ್ನೆಮಣೆಯೊಂದು ಹೊರಬಿತ್ತು. ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತಿದ್ದ ಆ ಮಣೆಯನ್ನು ಕೈಗೆತ್ತಿಕೊಂಡರೆ ಹಪ್ಪಳದಷ್ಟು ಹಗುರ. ಗೆದ್ದಲು ಒಳಗನ್ನೆಲ್ಲ ತಿಂದು ಹೊರಗಿನ ತೊಗಲನ್ನು ಮಾತ್ರ ನಮಗಾಗಿ ಬಿಟ್ಟಿತ್ತು. ನನ್ನ ತಾಯಿಯವರು ಅದನ್ನು ನೋಡಿ ಏನೂ ಹೇಳಲಿಲ್ಲ. ಹದಿನಾಲ್ಕು ಗುಳಿಗಳ ಮೇಲೂ ಒಮ್ಮೆ ಬೆರಳಾಡಿಸಿ ಕೆಳಗಿಟ್ಟರು. ಅದೇ ಅಟ್ಟದ ಇನ್ನೊಂದು ಮೂಲೆಯಲ್ಲಿ, ಹಳೆಯ ಮನೆಯ ಬಾಗಿಲನ್ನು ಬಿಚ್ಚಿದಾಗ ಉಳಿದಿದ್ದ ಹಲಸಿನ ಹಲಗೆಯ ಎರಡು ತುಂಡುಗಳು ಹೇಗೋ ಗೆದ್ದಲಿನ ಬಾಯಿಗೆ ಬೀಳದೆ ಉಳಿದಿದ್ದುವು. ಅವುಗಳಿಂದ ಹೊಸದೊಂದು ಮಣೆಯನ್ನು ಮಾಡಿಸಿ ತಾಯಿಯವರಿಗೆ ಕೊಡಬೇಕೆಂದು ನನಗೆ ಆಶೆ ಹುಟ್ಟಿತು.

ಬಡಗಿಗಳು ನಾಳೆ ಬರುವೆವೆಂದು ಹೇಳಿ ಹೋದ ಕಥೆಯನ್ನು ಗೃಹಸ್ಥರಾದ ವಾಚಕರಿಗೆ ನಾನು ವಿಸ್ತರಿಸಿ ಹೇಳಬೇಕಾದುದಿಲ್ಲ. ಎರಡು ತಿಂಗಳು ಕಾದ ಮೇಲೆ ಈ ಕೆಲಸವನ್ನು ನಾನೇ ಮಾಡುವೆನೆಂದು ಹಟತೊಟ್ಟೆನು. ಆದರೆ ನನ್ನದು ಉಳಿ ಹಿಡಿದು ಅಭ್ಯಾಸವಿಲ್ಲದ ಕೈ. ಆದುದರಿಂದ ಗಣಕಯಂತ್ರದ ಆಜ್ಞೆಯಂತೆ ತಾನಾಗಿಯೇ ಚಲಿಸಿ ಮರವನ್ನು ಕೊರೆಯುವ ಒಂದು ಪುಟ್ಟ ಯಂತ್ರವನ್ನು ಆಶ್ರಯಿಸಿದೆನು. ಕಾರ್ಖಾನೆಗಳವರು ಈ ಜಾತಿಯ ಯಂತ್ರಗಳನ್ನು ಸಿ.ಎನ್.ಸಿ. ಎಂಬ ಮೂರಕ್ಷರಗಳಿಂದ ಕರೆಯುವರು. ನಾನು ಈ ಲೇಖನದಲ್ಲಿ ಅದನ್ನು ಗಣಕದುಳಿ ಎಂದು ಕರೆಯುತ್ತೇನೆ. ಸಮಾಸವು ಸರಿಯಲ್ಲವೆಂದು ಪಂಡಿತರಿಗೆ ತೋರಿದರೆ ಕ್ಷಮಿಸಬೇಕು. ಒಂದು ಸಾಧಾರಣ ಸ್ಕೂಟರಿಗೆ ತೆರುವುದಕ್ಕಿಂತ ಎಷ್ಟೋ ಕಡಿಮೆ ಹಣಕ್ಕೆ ಇಂತಹ ಯಂತ್ರವು ಈಗ ದೊರೆಯುವುದರಿಂದ, ಇದನ್ನು ಮನೆಗೆ ತರಲು ಯೋಚಿಸುತ್ತಿರುವವರು ನಮ್ಮ ವಾಚಕರಲ್ಲಿಯೂ ಇರಬಹುದು. ಅವರಿಗೆ ನನ್ನ ಅನುಭವವು, ಅದರಲ್ಲಿಯೂ ನನ್ನ ತಪ್ಪುಗಳು, ಉಪಯೋಗಕ್ಕೆ ಬಂದಾವೆಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇನೆ.

ಈ ಯಂತ್ರದ ಹುಟ್ಟು ಸ್ವಾರಸ್ಯವಾದುದು. ಅಮೆರಿಕದ ಮಿಷಿಗನ್ ಸಂಸ್ಥಾನದ ಟ್ರಾವರ್ಸ್ ಸಿಟಿ ಎಂಬ ಊರಿನಲ್ಲಿ ಜಾನ್ ಪಾರ್ಸನ್ಸ್ ಎಂಬಾತನು ಹೆಲಿಕಾಪ್ಟರಿನ ರೆಕ್ಕೆಗಳನ್ನು ತಯಾರಿಸುತ್ತಿದ್ದನು. ರೆಕ್ಕೆಯ ಬಾಗು ಕೈಯಳತೆಗೆ ಸಿಕ್ಕುವಂತಹುದಲ್ಲ. ಆತನು ಆ ಬಾಗಿನ ಮೇಲಣ ಅನೇಕ ಬಿಂದುಗಳ ಸ್ಥಾನವನ್ನು ರಂಧ್ರದ ಚೀಟಿಗಳಿಂದ ನಡೆಯುವ ಲೆಕ್ಕದ ಯಂತ್ರದಲ್ಲಿ ಗುಣಿಸಿ ತೆಗೆಸಿದನು. ತರುವಾಯ ಒಬ್ಬ ಕೆಲಸಗಾರನು ಅಂಕೆಗಳನ್ನು ಓದಿ ಕೂಗುವುದು, ಉಳಿದವರು ಅದರಂತೆ ಯಂತ್ರದ ಹಿಡಿಗಳನ್ನು ತಿರುಗಿಸುವುದು, ಹೀಗೆ ಕೆಲಸ ನಡೆಯಿತು. ಕೂಗುವವನೂ ತಿರುಗಿಸುವವರೂ ಇಲ್ಲದೆ ಅಂಕೆಗಳೇ ನೇರವಾಗಿ ಹಿಡಿಗಳನ್ನು ತಿರುಗಿಸುವಂತಾದರೆ? ಈ ಪ್ರಶ್ನೆಗೆ ೧೯೪೯ರಲ್ಲಿ ಅಮೆರಿಕದ ವಾಯುಪಡೆಯ ಹಣ ದೊರೆಯಿತು. ಎಂ.ಐ.ಟಿ. ಎಂದು ಪ್ರಸಿದ್ಧವಾದ ತಾಂತ್ರಿಕ ವಿದ್ಯಾಲಯದವರು ೧೯೫೨ರಲ್ಲಿ, ಕಾಗದದ ಪಟ್ಟಿಯ ಮೇಲಿನ ರಂಧ್ರಗಳನ್ನು ಓದಿ ತಾನೇ ಲೋಹವನ್ನು ಕೊರೆಯುವ ಯಂತ್ರವನ್ನು ಜನರ ಮುಂದೆ ನಡೆಸಿ ತೋರಿಸಿದರು. ೧೯೫೯ರಲ್ಲಿ ಅದೇ ವಿದ್ಯಾಲಯದವರು ಇಂತಹ ಯಂತ್ರಗಳಿಗಾಗಿ ಕಲ್ಪಿಸಿದ ಆಜ್ಞಾಭಾಷೆಯೊಂದನ್ನು ಪತ್ರಿಕೆಗಳವರಿಗೆ ಪರಿಚಯಿಸುವಾಗ, ಅದರಿಂದ ಕೊರೆದ ಅಲ್ಯುಮಿನಿಯಮ್ಮಿನ ಸಿಗರೇಟು ಬೂದಿಯ ಬಟ್ಟಲುಗಳನ್ನು ಹಂಚಿದರಂತೆ. ರೆಕ್ಕೆ ಕೊರೆಯಲೆಂದು ಹುಟ್ಟಿದ ವಿದ್ಯೆಯು ಮನೆಬಳಕೆಯ ವಸ್ತುವಿಗೆ ಇಳಿಯಲು ಏಳು ವರ್ಷ ಸಾಕಾಯಿತು!

ರಂಧ್ರದ ಚೀಟಿಯು ನಮಗೆ ತೀರ ಅಪರಿಚಿತವಾದುದೇನೂ ಅಲ್ಲ. ಫ್ರಾನ್ಸಿನ ಜಕಾರ್ಡ್ ಎಂಬಾತನು ೧೮೦೪ರ ಸುಮಾರಿಗೆ ರೂಪಿಸಿದ, ರಂಧ್ರದ ಹಲಗೆಗಳನ್ನು ನೋಡಿಕೊಂಡು ಸೀರೆಯ ಸೆರಗಿನ ಹೂಬಳ್ಳಿಯನ್ನು ನೇಯುವ ಮಗ್ಗವನ್ನು ನಮ್ಮ ನಾಡಿನ ನೇಕಾರರ ಮನೆಗಳಲ್ಲಿ ಅನೇಕರು ನೋಡಿರಬಹುದು. ಲೋಹ ಕೊರೆಯುವ ಯಂತ್ರಗಳೂ ನಮಗೆ ಹೊಸತಲ್ಲ. ೧೯೪೧ರಲ್ಲಿ ಹರಿಹರದಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಂಪನಿಯ ಲೇತುಗಳೂ, ೧೯೫೩ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹಿಂದುಸ್ತಾನ್ ಮೆಷಿನ್ ಟೂಲ್ಸ್ ಕಾರ್ಖಾನೆಯ ಯಂತ್ರಗಳೂ ದೇಶದ ನಾನಾ ಕಡೆಗೆ ಹೋದುವು. ಆದರೆ ಅವೆಲ್ಲ ಟನ್ನುಗಳ ತೂಕದವು. ಗೃಹಸ್ಥನ ಹಜಾರಕ್ಕೆ ಬರತಕ್ಕವಲ್ಲ. ಬಾಗಿಲು ತೆರೆದುದು ಈಚೆಗೆ. ೨೦೦೯ರಲ್ಲಿ ನಾರ್ವೆ ದೇಶದ ಸಿಮೆನ್ ಸ್ವಾಲೆ ಸ್ಕೋಗ್ಸ್‌ರುಡ್ ಎಂಬಾತನು, ಅಂಗೈಯಗಲದ ಅಗ್ಗದ ವಿದ್ಯುತ್ ಫಲಕವೊಂದರಿಂದಲೇ ಇಂತಹ ಯಂತ್ರವನ್ನು ನಡೆಸಬಲ್ಲ ಗರ್ಬಲ್ ಎಂಬ ಕ್ರಮಲೇಖವನ್ನು ಬರೆದು ಎಲ್ಲರಿಗೂ ಪುಕ್ಕಟೆಯಾಗಿ ಬಿಟ್ಟುಕೊಟ್ಟನು. ಈಗ ಮೇಜಿನ ಮೇಲೆ ಕುಳ್ಳಿರುವ ಪುಟ್ಟ ಯಂತ್ರಗಳಲ್ಲಿ ಎಷ್ಟೋ ಅದರಿಂದಲೇ ನಡೆಯುತ್ತವೆ.

ನನ್ನ ಯಂತ್ರದ ಸ್ವರೂಪವನ್ನು ಹೇಳುತ್ತೇನೆ. ಅಡಿಯಲ್ಲಿ ಹಿಂದುಮುಂದಕ್ಕೆ ಸರಿಯುವ ಒಂದು ಹಾಸು. ಅದರ ಮೇಲೆ ತೊಲೆಯಂತೆ ಅಡ್ಡವಾಗಿ ನಿಂತ ಕಮಾನು. ಕಮಾನಿನ ಮೇಲೆ ಎಡಬಲಕ್ಕೆ ಹರಿಯುವ ಗಾಡಿ; ಗಾಡಿಯಲ್ಲಿ ಏರಿಳಿಯುವ ಮೋಟಾರು; ಮೋಟಾರಿನ ತುದಿಯಲ್ಲಿ ನಿಮಿಷಕ್ಕೆ ಸುಮಾರು ೧೦,೦೦೦ ಸುತ್ತು ತಿರುಗುವ ಕೊರೆಮೊನೆ. ವರ್ತಕರು ಇದನ್ನು ೩೦೧೮ ಎಂಬ ಅಂಕೆಯಿಂದ ಕರೆಯುವರು; ೩೦ ಸೆಂಟಿಮೀಟರು ಉದ್ದ, ೧೮ ಸೆಂಟಿಮೀಟರು ಅಗಲದ ಕಾರ್ಯಕ್ಷೇತ್ರವುಳ್ಳದ್ದೆಂದು ಅದರ ಅರ್ಥ. ಮೂರು ದಿಕ್ಕಿನ ಮೂರು ಚಲನೆಗಳಿಗೂ ಒಂದೊಂದು ತಿರುಪಿನ ಕಂಬಿ, ಕಂಬಿಗೆ ಒಂದೊಂದು ಹೆಜ್ಜೆಮೋಟಾರು. ಈ ಹೆಜ್ಜೆಮೋಟಾರು ಸಾಧಾರಣ ಫ್ಯಾನಿನಂತೆ ಸುಮ್ಮನೆ ಸುತ್ತುವುದಿಲ್ಲ. ಒಂದು ಸುತ್ತನ್ನು ೨೦೦ ಹೆಜ್ಜೆಗಳಾಗಿ ಎಣಿಸಿಕೊಂಡು ನಡೆಯುವುದು. ಅದನ್ನು ನಡೆಸುವ ಫಲಕವು ಪ್ರತಿ ಹೆಜ್ಜೆಯನ್ನೂ ಮತ್ತೆ ೧೬ ಪಾಲು ಮಾಡುವುದರಿಂದ ಸುತ್ತೊಂದಕ್ಕೆ ೩,೨೦೦ ಕಿರುಹೆಜ್ಜೆಗಳಾದುವು. ನನ್ನ ಯಂತ್ರದ ತಿರುಪು ಒಂದು ಸುತ್ತಿಗೆ ೪ ಮಿಲಿಮೀಟರು ಸರಿಯುವುದು. ಎಂದರೆ ಮಿಲಿಮೀಟರಿಗೆ ೮೦೦ ಕಿರುಹೆಜ್ಜೆ. ಈ ಲೆಕ್ಕವನ್ನು ಕೇಳಿದವರು ಯಂತ್ರವು ಮಿಲಿಮೀಟರಿನ ೮೦೦ರಲ್ಲಿ ಒಂದು ಪಾಲಿಗೂ ತಪ್ಪದೆಂದು ಬಗೆಯುವರು. ಅದು ಕಾಗದದ ಮೇಲಿನ ಸತ್ಯ. ತಿರುಪಿಗೂ ಅದರ ನಟ್ಟಿಗೂ ನಡುವಣ ಸಡಿಲ, ಚೌಕಟ್ಟಿನ ಬಳುಕು, ಮರದ ಉಬ್ಬು ಇವೆಲ್ಲ ಸೇರಿದ ಮೇಲೆ ಹತ್ತನೆಯ ಒಂದು ಮಿಲಿಮೀಟರಿನ ನೆರವಿಗೆ ಬಂದರೆ ನನಗೆ ತೃಪ್ತಿ.

ಇಲ್ಲಿ ಒಂದು ಮಾತನ್ನು ಮನಸ್ಸಿನಲ್ಲಿಡತಕ್ಕದ್ದು. ಮುಂದೆ ಹೇಳುವ ಎಲ್ಲಕ್ಕೂ ಇದು ಬುನಾದಿ. ಈ ಪುಟ್ಟ ಯಂತ್ರಕ್ಕೆ ಕಣ್ಣಿಲ್ಲ. ದೊಡ್ಡ ಕಾರ್ಖಾನೆಯ ಯಂತ್ರಗಳಲ್ಲಿ ಗಾಡಿಯು ನಿಜವಾಗಿ ಎಲ್ಲಿಗೆ ಹೋಗಿ ನಿಂತಿತೆಂಬುದನ್ನು ಅಳೆದು ವರದಿ ಮಾಡುವ ಏರ್ಪಾಡು ಉಂಟು. ನಮ್ಮದರಲ್ಲಿ ಅದಿಲ್ಲ. ನೂರು ಹೆಜ್ಜೆ ನಡೆ ಎಂದು ಫಲಕವು ಹೇಳುವುದು, ನಡೆಯಿತೆಂದು ನಂಬಿಬಿಡುವುದು. ನಡುವೆ ಏನಾದರೂ ಅಡ್ಡಬಂದು ಮೋಟಾರು ಮುಗ್ಗರಿಸಿ ತೊಂಬತ್ತೇ ಹೆಜ್ಜೆ ನಡೆದಿದ್ದರೂ, ಹಿಡಿದಿಟ್ಟ ಹಲಗೆಯೇ ಜಾರಿಹೋಗಿದ್ದರೂ ಅದಕ್ಕೆ ತಿಳಿಯದು. ಹೇಳಿದುದನ್ನು ಚಾಚೂ ತಪ್ಪದೆ ಮಾಡುವ, ಆದರೆ ಮಾಡಿದುದನ್ನು ತಿರುಗಿ ನೋಡದ ಆಳನ್ನು ಕಲ್ಪಿಸಿಕೊಳ್ಳಿರಿ. ಅಂತಹವನನ್ನು ಇಟ್ಟುಕೊಂಡ ಮನೆಯವರು ನೋಟವನ್ನು ತಾವೇ ವಹಿಸಿಕೊಳ್ಳಬೇಕಾಗುವುದು.

ಯಂತ್ರಕ್ಕೆ ಆಜ್ಞೆ ಕೊಡುವ ಬಗೆಯು ನಮ್ಮ ಹೆಣ್ಣುಮಕ್ಕಳಿಗೆ ಆಗಲೇ ಅರ್ಧ ತಿಳಿದಿದೆಯೆಂದು ನನಗೆ ತೋರುತ್ತದೆ. ಚುಕ್ಕಿ ರಂಗೋಲಿ ಹಾಕುವವರು ಮೊದಲು ಸಮಾನ ದೂರದಲ್ಲಿ ಚುಕ್ಕಿಗಳನ್ನಿಟ್ಟು, ಬಲಕ್ಕೆ ಮೂರು, ಮೇಲಕ್ಕೆ ಎರಡು ಎಂದು ಎಣಿಸಿಕೊಂಡು ಗೆರೆಯೆಳೆಯುವರಲ್ಲವೆ? ಗಣಕದುಳಿಯ ಭಾಷೆಯೂ ಇದೇ. ಎಕ್ಸ್ ಎಂದರೆ ಎಡಬಲ, ವೈ ಎಂದರೆ ಹಿಂದುಮುಂದು, ಝಡ್ ಎಂದರೆ ಮೇಲುಕೆಳಗು. ಚುಕ್ಕಿಯ ಬದಲು ಮಿಲಿಮೀಟರು. ಜಿ ೧ ಎಕ್ಸ್ ೪೦ ಎಫ್ ೬೦೦ ಎಂದು ಒಂದು ಸಾಲು ಬರೆದರೆ, ನಿಮಿಷಕ್ಕೆ ೬೦೦ ಮಿಲಿಮೀಟರಿನ ವೇಗದಲ್ಲಿ ಕೊರೆಯುತ್ತ ಎಡಬಲದ ಗೆರೆಯ ೪೦ನೆಯ ಗುರುತಿಗೆ ಹೋಗು ಎಂದರ್ಥ. ಜಿ ೦ ಎಂದರೆ ಕೊರೆಯದೆ ಓಡು. ಎಂ ೩ ಎಂದರೆ ಮೊನೆಯನ್ನು ತಿರುಗಿಸು, ಎಂ ೫ ಎಂದರೆ ನಿಲ್ಲಿಸು. ಜಿ ೨೧ ಎಂದರೆ ಅಳತೆಯು ಮಿಲಿಮೀಟರಿನದು. ಜಿ ೨೦ ಎಂದರೆ ಅಂಗುಲದ್ದು. ಈ ಕಡೆಯ ಎರಡನ್ನು ಅದಲುಬದಲು ಮಾಡಿದವನ ಬಟ್ಟಲು ೨೫ ಪಾಲಿಗೂ ಮೀರಿ ಹಿಗ್ಗಿ ಯಂತ್ರವು ತನ್ನ ಚೌಕಟ್ಟಿಗೇ ಹೋಗಿ ಗುದ್ದುವುದು. ಇಂತಹ ಸಾವಿರಾರು ಸಾಲುಗಳನ್ನು ಕೈಯಿಂದ ಬರೆಯಬೇಕಾಗಿಲ್ಲ. ಇಂಕ್‌ಸ್ಕೇಪ್, ಫ್ರೀಕ್ಯಾಡ್ ಮೊದಲಾದ ಪುಕ್ಕಟೆಯ ಸಾಧನಗಳಲ್ಲಿ ಚಿತ್ರವನ್ನು ಬರೆದು, ಮೊನೆಯ ದಪ್ಪವನ್ನೂ ಆಳವನ್ನೂ ವೇಗವನ್ನೂ ತಿಳಿಸಿದರೆ ದಾರಿಯನ್ನು ಗಣಕವೇ ಲೆಕ್ಕಹಾಕಿ ಕೊಡುವುದು. ಆದರೂ ಹತ್ತು ಸಾಲುಗಳನ್ನಾದರೂ ಕೈಯಾರೆ ಬರೆದು ಓಡಿಸಿದವನಿಗೆ, ಮುಂದೆ ಯಂತ್ರವು ಅಡ್ಡಾದಿಡ್ಡಿ ನಡೆದಾಗ ಏಕೆಂದು ಊಹಿಸುವ ಶಕ್ತಿ ಬರುವುದು.

ಯಂತ್ರವು ಬಂದ ದಿನವೇ ಮರವನ್ನು ಕೊರೆಯಬಾರದು. ಮೊದಲ ವಾರ ನಾನು ಕೊರೆಮೊನೆಯ ಸ್ಥಾನದಲ್ಲಿ ಸಾಧಾರಣ ಬಾಲ್‌ಪೆನ್ನನ್ನು ಕಟ್ಟಿ, ಮೊನೆಯ ಮೋಟಾರಿಗೆ ವಿದ್ಯುತ್ತು ಕೊಡದೆ, ಕಾಗದದ ಮೇಲೆ ರಂಗೋಲಿಯನ್ನು ಬರೆಯಿಸಿದೆನು. ಇದರಲ್ಲಿ ಮುರಿಯುವುದಕ್ಕೆ ಏನೂ ಇಲ್ಲ. ಮನೆಯ ಮಕ್ಕಳಿಗೂ ವಿನೋದ. ಬಳಿಕ ೫೦ ಮಿಲಿಮೀಟರಿನ ಒಂದು ಚೌಕವನ್ನು ಬರೆಯಿಸಿ ಕ್ಯಾಲಿಪರಿನಿಂದ ಅಳೆಯಬೇಕು. ಬದಿಗಳು ೪೯ ಬಂದರೆ ಹೆಜ್ಜೆಗಳ ಲೆಕ್ಕವನ್ನು ತಿದ್ದಬೇಕು. ಬದಿಗಳು ಸರಿಯಿದ್ದು ಕರ್ಣಗಳೆರಡೂ ಸಮನಾಗಿ ಬಾರದಿದ್ದರೆ ಚೌಕಟ್ಟನ್ನೇ ಮೂಲೆಮಟ್ಟಕ್ಕೆ ತರಬೇಕು. ನನ್ನದರಲ್ಲಿ ಕರ್ಣಗಳು ಅರ್ಧ ಮಿಲಿಮೀಟರು ವ್ಯತ್ಯಾಸವಾಗಿದ್ದುವು. ಎಲ್ಲ ತಿರುಪುಗಳನ್ನೂ ಬಿಚ್ಚಿ ಮತ್ತೆ ಬಿಗಿಯುವುದರಲ್ಲಿ ಒಂದು ಭಾನುವಾರ ಹೋಯಿತು. ಆ ಭಾನುವಾರವು ವ್ಯರ್ಥವಾಯಿತೆಂದು ಈಗ ನನಗೆ ಅನ್ನಿಸುವುದಿಲ್ಲ.

ಯಂತ್ರದ ಬೆಲೆಯನ್ನು ಮಾತ್ರ ನೋಡಿ ಹಣವನ್ನು ತೆಗೆದಿಡುವವರು ಎಚ್ಚರವಾಗಿರಬೇಕು. ಕೊರೆಮೊನೆಗಳು ಪೆನ್ಸಿಲಿನಂತೆ ಸವೆಯತಕ್ಕವು, ಮುರಿಯತಕ್ಕವು. ಹೊಸಬರ ಕೈಯಲ್ಲಂತೂ ಮುರಿಯುವುದೇ ಹೆಚ್ಚು. ಚಪ್ಪಟೆ ತುದಿಯವು, ಗುಂಡು ತುದಿಯವು, ಅಕ್ಷರ ಕೆತ್ತಲು ಚೂಪಾದವು, ಹೀಗೆ ನಾಲ್ಕಾರು ಬಗೆ ಬೇಕು. ಒಂದು ಒಳ್ಳೆಯ ಕ್ಯಾಲಿಪರು, ಕಣ್ಣಿನ ಕನ್ನಡಕ, ಧೂಳಿನ ಮುಖವಾಡ, ಹೊಟ್ಟನ್ನು ಹೀರುವ ಯಂತ್ರ ಇವೂ ಬೇಕು. ಮರದ ನುಣುಪು ಧೂಳನ್ನು ಅಲಕ್ಷ್ಯಮಾಡಬಾರದು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನ ಮಂಡಲಿಯು ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡತಕ್ಕ ವಸ್ತುಗಳ ಸಾಲಿಗೆ ಸೇರಿಸಿದೆ. ಕೈಗವಸನ್ನು ಮಾತ್ರ ಹಾಕಬಾರದು. ತಿರುಗುವ ಮೊನೆಗೆ ಅದರ ಎಳೆ ಸಿಕ್ಕಿತೆಂದರೆ ಬೆರಳೂ ಹಿಂದೆಯೇ ಹೋಗುವುದು. ಸೆರಗು, ಜಡೆ, ಹೆಗಲ ಮೇಲಣ ವಸ್ತ್ರ ಇವಕ್ಕೂ ಇದೇ ಮಾತು. ಅಪರಾಹ್ನ ನಿದ್ರಿಸುವ ಹಿರಿಯರಿರುವ ಮನೆಯಲ್ಲಿ ಯಂತ್ರವನ್ನು ಎಲ್ಲಿ ಇಡಬೇಕೆಂಬುದನ್ನು ಕೊಳ್ಳುವ ಮುಂಚೆಯೇ ಯೋಚಿಸುವುದು ಲೇಸು.

ಇನ್ನು ಚೆನ್ನೆಮಣೆಯ ವಿಷಯಕ್ಕೆ ಬರೋಣ. ಏಳೇಳು ಗುಳಿಗಳ ಎರಡು ಸಾಲು. ಯಂತ್ರದ ಉದ್ದಕ್ಕೆ ಹೊಂದಿಕೊಳ್ಳುವಂತೆ ಗುಳಿಯ ಬಾಯಿ ೩೬ ಮಿಲಿಮೀಟರು, ಗುಳಿಗೂ ಗುಳಿಗೂ ನಡುವೆ ೪ ಮಿಲಿಮೀಟರಿನ ಗೋಡೆ ಎಂದು ಗೊತ್ತುಮಾಡಿಕೊಂಡೆನು. ಆಳವನ್ನು ೧೮ ಎಂದಿಟ್ಟರೆ ಸರಿಯಾದ ಅರ್ಧಗೋಳವಾಗಿ ನೋಡಲು ಅಂದವೆಂದು ತೋರಿತು. ಅದೃಷ್ಟವಶಾತ್ ಹಲಸನ್ನು ಮುಟ್ಟುವ ಮುಂಚೆ ಸಿಲ್ವರ್ ಓಕ್ ಮರದ ತುಂಡಿನಲ್ಲಿ ಒಂದು ಗುಳಿಯನ್ನು ಪರೀಕ್ಷೆಗಾಗಿ ಕೊರೆದು ತಾಯಿಯವರಿಗೆ ಕೊಟ್ಟೆನು. ಅವರು ನಾಲ್ಕು ಹುಣಸೆಬೀಜ ಹಾಕಿ, ಬೆರಳಿನಿಂದ ಗೋರಿ ತೆಗೆಯಲು ನೋಡಿ, ಗೋಡೆ ಕಡಿದಾಯಿತು, ಬೀಜ ಮೇಲೆ ಬರುವುದಿಲ್ಲ ಎಂದು ಹಿಂದಕ್ಕೆ ಕೊಟ್ಟರು. ಹಳೆಯ ಮಣೆಯ ಗುಳಿಗಳನ್ನು ಆಗ ಅಳೆದು ನೋಡಿದೆನು. ಅವು ಅರ್ಧಗೋಳಗಳಲ್ಲ, ಸವೆದ ಬಟ್ಟಲುಗಳಂತೆ ಆಳ ಕಡಿಮೆಯಾದವು. ಅದರಂತೆ ಆಳವನ್ನು ೧೪ಕ್ಕೆ ಇಳಿಸಿದೆನು. ಎರಡನೆಯ ಪರೀಕ್ಷೆಯ ಗುಳಿ ತೇರ್ಗಡೆಯಾಯಿತು.

ವೇಗದ ಲೆಕ್ಕವು ಹೊಸಬರನ್ನು ಹೆದರಿಸುವುದು. ಆದರೆ ಅದು ಗುಣಾಕಾರಕ್ಕಿಂತ ಹೆಚ್ಚಿನದಲ್ಲ. ಮೊನೆಯ ಒಂದೊಂದು ಅಲಗೂ ಒಂದೊಂದು ಸುತ್ತಿಗೆ ಎಷ್ಟು ದಪ್ಪದ ಸಿಬಿರನ್ನು ತೆಗೆಯಬೇಕೆಂಬುದೇ ಮುಖ್ಯ. ಎರಡು ಅಲಗಿನ ಮೊನೆ ನಿಮಿಷಕ್ಕೆ ೧೦,೦೦೦ ಸುತ್ತು ತಿರುಗುತ್ತ, ಅಲಗಿಗೆ ೦.೦೩ ಮಿಲಿಮೀಟರು ತೆಗೆಯಬೇಕಾದರೆ, ಮೂರನ್ನೂ ಗುಣಿಸಿ ನಿಮಿಷಕ್ಕೆ ೬೦೦ ಮಿಲಿಮೀಟರು ಮುನ್ನಡೆಸಬೇಕು. ಮುರಿದೀತೆಂಬ ಭಯದಿಂದ ಹೊಸಬರು ಬಹಳ ನಿಧಾನವಾಗಿ ನಡೆಸುವರು. ಇದು ತಪ್ಪು. ಆಗ ಅಲಗು ಕೊಯ್ಯುವುದರ ಬದಲು ಉಜ್ಜುವುದು, ಉಜ್ಜಿದ್ದು ಕಾಯುವುದು, ಮರ ಕರಿಕಾಗುವುದು, ಅಲಗು ಮೊಂಡಾಗುವುದು, ಬೆಂಕಿಯೂ ಹತ್ತಬಹುದು. ಹೊಟ್ಟನ್ನು ನೋಡಿದರೆ ಗೊತ್ತಾಗುವುದು: ತುರಿದ ತೆಂಗಿನಕಾಯಿಯಂತೆ ಉದುರುತ್ತಿದ್ದರೆ ಸರಿ, ರಾಗಿಹಿಟ್ಟಿನಂತೆ ಹಾರುತ್ತಿದ್ದರೆ ವೇಗ ಸಾಲದು. ಕಿವಿಗೂ ಗೊತ್ತಾಗುವುದು. ಹದವಾಗಿ ಕೊರೆಯುವ ಯಂತ್ರದ ದನಿ ಒಂದೇ ಶ್ರುತಿಯಲ್ಲಿರುವುದು. ಕಿರುಚಿದರೆ ಉಜ್ಜುತ್ತಿದೆಯೆಂದೂ, ನರಳಿದರೆ ಆಳ ಹೆಚ್ಚಾಯಿತೆಂದೂ ತಿಳಿಯಬಹುದು. ಹಲಸಿನಂತಹ ಮರದಲ್ಲಿ ನಾನು ೬ ಮಿಲಿಮೀಟರಿನ ಗುಂಡುಮೊನೆಗೆ ಸಲಕ್ಕೆ ಒಂದು ಮಿಲಿಮೀಟರಿಗಿಂತ ಹೆಚ್ಚು ಆಳ ಕೊಡುವುದಿಲ್ಲ. ಅಲ್ಯುಮಿನಿಯಮ್ಮನ್ನೂ ಈ ಯಂತ್ರದಲ್ಲಿ ಬಹು ತೆಳುವಾಗಿ ಸವರಬಹುದು. ಉಕ್ಕಿನ ಹಂಬಲವನ್ನು ಮಾತ್ರ ಬಿಟ್ಟುಬಿಡಬೇಕು.

ಗುಳಿಯೊಂದಕ್ಕೆ ಸುಮಾರು ೧೨ ನಿಮಿಷದಂತೆ ಒಟ್ಟು ಮೂರು ಗಂಟೆಗೆ ಸ್ವಲ್ಪ ಕಡಿಮೆ ಹಿಡಿಯುವುದೆಂದು ಗಣಕವು ಹೇಳಿತು. ಮೊದಲನೆಯ ಹಲಗೆಯನ್ನು ಹಾಸಿನ ಮೇಲಿಟ್ಟು ನಾಲ್ಕು ಬಿಗಿಪಟ್ಟಿಗಳನ್ನು ಹಾಕಿ, ಬೆರಳಿನಿಂದ ನಟ್ಟುಗಳನ್ನು ತಿರುಗಿಸಿದೆನು. ಮೂಲಸ್ಥಾನವನ್ನು ಕಾಗದದಿಂದ ಗೊತ್ತುಮಾಡಿದೆನು. ಇದು ಬಹಳ ಸುಲಭವಾದ ಉಪಾಯ: ಮೊನೆಗೂ ಹಲಗೆಗೂ ನಡುವೆ ಕಾಗದದ ಚೂರನ್ನಿಟ್ಟು ಅಲ್ಲಾಡಿಸುತ್ತ ಮೊನೆಯನ್ನು ಮೆಲ್ಲಮೆಲ್ಲನೆ ಇಳಿಸಬೇಕು; ಕಾಗದವು ಹಿಡಿದುಕೊಂಡಾಗ ಮೊನೆಗೂ ಮರಕ್ಕೂ ಅಂತರವು ಕಾಗದದ ದಪ್ಪದಷ್ಟು, ಎಂದರೆ ಸುಮಾರು ೦.೧ ಮಿಲಿಮೀಟರು. ಬಳಿಕ ಮೊನೆಯನ್ನು ಎರಡು ಸೆಂಟಿಮೀಟರು ಮೇಲಕ್ಕೆತ್ತಿ ಇಡೀ ಕೆಲಸವನ್ನು ಗಾಳಿಯಲ್ಲಿ ಒಮ್ಮೆ ನಡೆಸಿ ನೋಡಿದೆನು. ಎಲ್ಲವೂ ಸರಿಯಾಗಿತ್ತು. ಕೊರೆಯಲು ಬಿಟ್ಟೆನು.

ಮೊದಲ ಸಾಲಿನ ಏಳು ಗುಳಿಗಳೂ ಅಚ್ಚು ಹೊಯ್ದಂತೆ ಬಂದುವು. ಹಲಸಿನ ಹಳದಿ ಒಳಮೈ ತೆರೆದುಕೊಂಡು ಹಜಾರದಲ್ಲೆಲ್ಲ ಹಳೆಯ ಮನೆಯ ವಾಸನೆ ತುಂಬಿತು. ಎಂಟು, ಒಂಬತ್ತು ಆದುವು. ಅಷ್ಟರಲ್ಲಿ ಪರಿಚಿತರೊಬ್ಬರು ಬಂದರೆಂದು ಹೊರಗೆ ಹೋದೆನು. ಯಂತ್ರವು ತಾನೇ ಮಾಡಿಕೊಳ್ಳುತ್ತಿದೆ, ನಾನಿದ್ದು ಮಾಡುವುದೇನು ಎಂಬ ಗರ್ವವೂ ಸ್ವಲ್ಪ ಇತ್ತೆಂದು ಒಪ್ಪಿಕೊಳ್ಳಬೇಕು. ಬಂದವರ ಮುಂದೆ ಅದೇ ಮಾತನ್ನು ಹೇಳಿಯೂ ಹೇಳಿದೆನು. ಕಾಫಿ ಮುಗಿಸಿ ಅವರನ್ನೇ ಕರೆದುಕೊಂಡು ತೋರಿಸಲು ಒಳಕ್ಕೆ ಬಂದಾಗ ಹತ್ತನೆಯ ಗುಳಿಯು ಒಂಬತ್ತನೆಯದರ ಗೋಡೆಯನ್ನು ಒಡೆದುಕೊಂಡು ಅದರೊಳಕ್ಕೆ ತೂರಿತ್ತು. ಎರಡು ಗಂಟೆಯ ನಡುಕಕ್ಕೆ ಬಿಗಿಪಟ್ಟಿಯ ನಟ್ಟುಗಳೆರಡು ಸಡಿಲಿ, ಹಲಗೆಯು ೧೧ ಮಿಲಿಮೀಟರು ಜಾರಿದ್ದಿತು. ಯಂತ್ರವು ಮಾತ್ರ ಏನೂ ಆಗಿಲ್ಲವೆಂಬಂತೆ, ತನ್ನ ಲೆಕ್ಕದಲ್ಲಿ ಸರಿಯಾಗಿಯೇ ಇದ್ದ ಆ ಗುಳಿಯ ತಳವನ್ನು ನುಣುಪು ಮಾಡುತ್ತಿದ್ದಿತು. ಪರದೆಯ ಮೇಲಣ ಅಂಕೆಗಳಲ್ಲಿಯೂ ಒಂದು ತಪ್ಪಿಲ್ಲ.

ಇದ್ದುದು ಇನ್ನೊಂದೇ ಹಲಗೆ. ಅದನ್ನು ಮುಟ್ಟಲು ನನಗೆ ಮೂರು ವಾರ ಧೈರ್ಯ ಬರಲಿಲ್ಲ.

ಆ ನಡುವೆ, ಬರುತ್ತೇನೆಂದು ಬಾರದಿದ್ದ ಬಡಗಿಗಳಲ್ಲಿ ಹಿರಿಯರೊಬ್ಬರು ಬಂದರು. ಕೆಟ್ಟ ಮಣೆಯನ್ನು ತಿರುಗಿಸಿ ನೋಡಿ, ಗುಳಿಗಳನ್ನು ಮೆಚ್ಚಿಕೊಂಡು, ಹಲಗೆಯ ಬೆನ್ನಿನ ಮೇಲೆ ಅಡ್ಡವಾಗಿ ಒಂದು ರೂಲುಪಟ್ಟಿಯನ್ನು ನಿಲ್ಲಿಸಿ ನನಗೆ ತೋರಿಸಿದರು. ನಡುವೆ ಬೆಳಕು ಕಾಣುತ್ತಿತ್ತು. ನೂರು ವರ್ಷದ ಬಾಗಿಲಿನ ಹಲಗೆ ದೋಣಿಯಂತೆ ಬಾಗಿತ್ತು. ಹಾಸಿನ ಮೇಲೆ ಎರಡು ಅಂಚುಗಳಲ್ಲಿ ಮಾತ್ರ ಕುಳಿತಿತ್ತು. ಅದನ್ನು ಎಷ್ಟು ಬಿಗಿದರೂ ಮಿಡಿಯುತ್ತಲೇ ಇರುವುದೆಂದೂ, ತಾವಾದರೆ ಉಳಿ ಮುಟ್ಟುವ ಮೊದಲು ಬೆನ್ನನ್ನು ಕೀಸಿ ಚಪ್ಪಟೆ ಮಾಡುವರೆಂದೂ ಹೇಳಿದರು. ಯಂತ್ರದ ಪುಸ್ತಕದಲ್ಲಿ ನಾನು ಓದಿರದಿದ್ದ ಈ ಪಾಠವನ್ನು ಅವರು ಅರ್ಧ ಗಳಿಗೆಯಲ್ಲಿ ಕಲಿಸಿದರು. ಕೀಸುಳಿಯಿಂದ ಎರಡನೆಯ ಹಲಗೆಯ ಬೆನ್ನನ್ನು ಅವರೇ ಸಮಮಾಡಿಕೊಟ್ಟರು.

ಎರಡನೆಯ ಸಲ ಹಾಸಿನ ಮೇಲೆ ಒಂದು ಅಡಿಹಲಗೆಯನ್ನು ಭದ್ರವಾಗಿ ಕೂಡಿಸಿ, ಮಣೆಯಾಗಬೇಕಾದ ಹಲಗೆಯನ್ನು ಅದಕ್ಕೆ ಕೆಳಗಿನಿಂದ ನಾಲ್ಕು ತಿರುಪುಗಳಿಂದ ಹಿಡಿಸಿದೆನು. ತಿರುಪುಗಳು ಗುಳಿಗಳಿಲ್ಲದ ಮೂಲೆಗಳಲ್ಲಿ ಬರುವಂತೆ ಮೊದಲೇ ಗುರುತುಮಾಡಿದ್ದೆನು. ಮೇಲೆ ಬಿಗಿಪಟ್ಟಿಗಳೇ ಇಲ್ಲವಾದ್ದರಿಂದ ಮೊನೆಯು ಅವಕ್ಕೆ ತಾಗುವ ಭಯವೂ ತಪ್ಪಿತು. ಎಡ ಮೂಲೆಯಲ್ಲಿ, ಮುಂದೆ ಕತ್ತರಿಸಿ ತೆಗೆಯುವ ಭಾಗದಲ್ಲಿ, ಮೂಲಸ್ಥಾನದ ಗುರುತಾಗಿ ಒಂದು ಸಣ್ಣ ರಂಧ್ರವನ್ನು ಕೊರೆದೆನು. ಇದು ವಿದ್ಯುತ್ತಿಗಾಗಿ ಮಾಡಿದ ಏರ್ಪಾಡು. ನಡುವೆ ವಿದ್ಯುತ್ತು ಹೋದರೆ ಈ ಯಂತ್ರವು ತಾನೆಲ್ಲಿದ್ದೆನೆಂಬುದನ್ನು ಪೂರ್ತಿಯಾಗಿ ಮರೆಯುವುದು. ಮತ್ತೆ ಬಂದಾಗ ಇದ್ದಲ್ಲಿಯೇ ಸೊನ್ನೆಯೆಂದು ತಿಳಿಯುವುದು. ಗುರುತಿನ ರಂಧ್ರವಿದ್ದರೆ ಮೊನೆಯನ್ನು ಅದಕ್ಕೆ ತಂದು ನಿಲ್ಲಿಸಿ, ಬಿಟ್ಟ ಗುಳಿಯಿಂದ ಮುಂದುವರಿಸಬಹುದು. ಇದಕ್ಕಾಗಿಯೇ ಕೆಲಸವನ್ನು ಒಂದೇ ಉದ್ದನೆಯ ಲೇಖವಾಗಿಡದೆ ಗುಳಿಗೊಂದರಂತೆ ಹದಿನಾಲ್ಕು ತುಂಡುಮಾಡಿದ್ದೆನು. ಗಣಕವು ಕೆಲಸದ ನಡುವೆ ತಾನಾಗಿ ನಿದ್ರೆಹೋಗದಂತೆಯೂ ಏರ್ಪಡಿಸಬೇಕು. ಅದು ನಿದ್ರಿಸಿದರೆ ಆಜ್ಞೆ ನಿಂತು, ಮೊನೆಯು ಇದ್ದಲ್ಲಿಯೇ ತಿರುಗುತ್ತ ಮರವನ್ನು ಸುಡುವುದು.

ಆ ದಿನ ವಿದ್ಯುತ್ತು ಎರಡು ಸಲ ಹೋಯಿತು. ಎರಡು ಸಲವೂ ರಂಧ್ರದಿಂದ ದಾರಿ ಸಿಕ್ಕಿತು. ಪ್ರತಿಯೊಂದು ಗುಳಿ ಮುಗಿದಾಗಲೂ ಯಂತ್ರವನ್ನು ನಿಲ್ಲಿಸಿ,

ಹೊಟ್ಟನ್ನು ಹೀರಿಸಿ, ಹಲಗೆಯನ್ನು ಕೈಯಿಂದ ಅಲ್ಲಾಡಿಸಿ ನೋಡಿ, ಗುಳಿಯ ಬಾಯಿಯನ್ನು ಅಳೆದು ಮುಂದಕ್ಕೆ ಬಿಟ್ಟೆನು. ಮೂರು ಗಂಟೆಯ ಕೆಲಸವು ಐದು ಗಂಟೆಯಾಯಿತು. ಮಧ್ಯಾಹ್ನದ ಊಟವನ್ನು ಯಂತ್ರದ ಮುಂದೆಯೇ ಕುಳಿತು ಮಾಡಿದೆನು. ಹದಿನಾಲ್ಕನೆಯ ಗುಳಿಯ ಕಡೆಯ ಸುತ್ತು ಮುಗಿದು ಮೊನೆ ಮೇಲಕ್ಕೆದ್ದಾಗ ಮನೆಯಲ್ಲಿ ಒಮ್ಮೆಲೆ ಆವರಿಸಿದ ನಿಶ್ಶಬ್ದ ನನಗೆ ಈಗಲೂ ನೆನಪಿದೆ.

ಗುಂಡುಮೊನೆಯು ಎಷ್ಟು ಹತ್ತಿರ ಹತ್ತಿರ ಹಾಯ್ದರೂ ಸಣ್ಣ ಸಣ್ಣ ಬಳೆಗಳಂತಹ ಗೆರೆಗಳನ್ನು ಉಳಿಸುವುದು. ಅವನ್ನು ಮರಳುಕಾಗದದಿಂದ ಕೈಯಾರೆ ತಿಕ್ಕಿಯೇ ತೆಗೆಯಬೇಕು. ಹದಿನಾಲ್ಕು ಗುಳಿಗೆ ಎರಡು ಸಂಜೆ ಹಿಡಿಯಿತು. ಅಂಚುಗಳನ್ನು ಸುತ್ತಮಾಡಿ, ಅಗಸೆ ಎಣ್ಣೆಯನ್ನು ತೆಳುವಾಗಿ ಮೂರು ಸಲ ಸವರಿ ಒಣಗಿಸಿದೆನು. ಈ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆಯಬಾರದು; ಒಣಗುವಾಗ ತಾನೇ ಬಿಸಿಯೇರಿ ಹೊತ್ತಿಕೊಳ್ಳುವ ಸ್ವಭಾವವುಳ್ಳದ್ದು. ಬಿಡಿಸಿ ಹರಡಿ ಬಯಲಿನಲ್ಲಿ ಒಣಗಿಸಬೇಕು.

ತಾಯಿಯವರು ಹೊಸ ಮಣೆಯನ್ನು ಮಡಿಲಲ್ಲಿಟ್ಟುಕೊಂಡು ಗುಳಿಗೆ ನಾಲ್ಕರಂತೆ ಹುಣಸೆಬೀಜಗಳನ್ನು ಹಾಕಿದರು. ಎಲ್ಲ ಗುಳಿಗಳೂ ಒಂದೇ ಅಳತೆಯಾದ್ದರಿಂದ, ಹಳೆಯದರಲ್ಲಿ ಇದ್ದಂತೆ ಕಣ್ಣುಮುಚ್ಚಿ ಮುಟ್ಟಿದರೆ ಯಾವುದು ಎಷ್ಟನೆಯದೆಂದು ತಿಳಿಯುವುದಿಲ್ಲವೆಂದು ಒಂದು ಆಕ್ಷೇಪಣೆಯನ್ನು ಎತ್ತಿದರು. ಬಳಿಕ ನನ್ನ ಮಗಳನ್ನು ಕರೆದು ಆಟಕ್ಕೆ ಕುಳಿತರು, ಮೊದಲ ಆಟದಲ್ಲಿಯೇ ಅವಳ ಬೀಜಗಳನ್ನೆಲ್ಲ ಬಾಚಿಕೊಂಡರು.

ಕೆಟ್ಟುಹೋದ ಮೊದಲನೆಯ ಮಣೆಯನ್ನು ಎಸೆಯಲಿಲ್ಲ. ಅದು ಯಂತ್ರದ ಪಕ್ಕದಲ್ಲಿಯೇ ಇದೆ. ಎಂಟು ಗುಳಿಗಳಲ್ಲಿ ಕೊರೆಮೊನೆಗಳನ್ನೂ ನಟ್ಟುಗಳನ್ನೂ ಬೇರೆ ಬೇರೆಯಾಗಿ ಹಾಕಿಟ್ಟಿದ್ದೇನೆ. ಒಂಬತ್ತಕ್ಕೂ ಹತ್ತಕ್ಕೂ ನಡುವೆ ಗೋಡೆಯಿಲ್ಲವಾದುದರಿಂದ ಅಲ್ಲಿ ನನ್ನ ಮೋಟು ಪೆನ್ಸಿಲು ಸರಿಯಾಗಿ ಮಲಗುತ್ತದೆ.